ಕಲ್ಲಿದ್ದಲಿನ ಮೇಲಿನ ಎಲೆ ಹಂದರ

(ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಹೋದ ತಿಂಗಳು ಇಲ್ಲಿ ಸಿರಿಧಾನ್ಯದ ಅಡುಗೆ ಆಯಿತು, ಅದರ ಹಿಂದಿನ ತಿಂಗಳು ಮೊಣಕಾಲು ನೋವಿನ ಬಗ್ಗೆ ಡಾಕ್ಟರು ಮಾತಾಡಿದರು. ಎರಡೂ ಬೇಕಾದ ವಿಷಯಗಳೇ. ಈ ಸಲ ನನ್ನನ್ನು ಕರೆದು, "ನೀವು ವಿಜ್ಞಾನದ ಟೀಚರ್ ಆಗಿದ್ದವರು, ಏನಾದರೂ ಹೊಸದು ಹೇಳಿ" ಎಂದರು. ಹೊಸದು ನನ್ನ ಹತ್ತಿರ ಏನೂ ಇಲ್ಲ. ಬಹಳ ಹಳೆಯದೊಂದು ಇದೆ. ಅದನ್ನೇ ತಂದಿದ್ದೇನೆ. ಈ ಮೇಜಿನ ಮೇಲಿರುವ ಕಪ್ಪು ಕಲ್ಲನ್ನು ಮಾತು ಮುಗಿದ ಮೇಲೆ ನೀವೆಲ್ಲರೂ ಬಂದು ಮುಟ್ಟಿ ನೋಡಬೇಕು. ಸ್ವಲ್ಪ ಭಾರ ಇದೆ, ಕಾಲಿನ ಮೇಲೆ ಹಾಕಿಕೊಳ್ಳಬೇಡಿ. ಹಾಕಿಕೊಂಡರೆ ಮೊಣಕಾಲಿನ ಡಾಕ್ಟರನ್ನು ಮತ್ತೆ ಕರೆಸಬೇಕಾಗುತ್ತದೆ.

ನಿಮ್ಮಲ್ಲಿ ಕೆಲವರಿಗೆ ಗೊತ್ತು, ನಾನು ರಾಯಚೂರು ಕಡೆಯವಳು. ಮದುವೆಯಾಗಿ ಹೋದದ್ದು ಕೊತ್ತಗೂಡೆಂಗೆ. ನಮ್ಮ ಮನೆಯವರು ಕಲ್ಲಿದ್ದಲು ಗಣಿಯಲ್ಲಿ ಸರ್ವೆ ವಿಭಾಗದಲ್ಲಿದ್ದರು. ಸೈರನ್ ಕೂಗಿದಾಗ ಎದ್ದು, ಸೈರನ್ ಕೂಗಿದಾಗ ಚಹಾ ಇಟ್ಟು, ಸೈರನ್ ಕೂಗಿದಾಗ ಗೇಟಿನ ಕಡೆ ನೋಡುತ್ತಾ ನಿಂತು ಇಪ್ಪತ್ತೆಂಟು ವರ್ಷ ಕಳೆದವಳು ನಾನು. ಅವರು ನಿವೃತ್ತರಾದ ಮೇಲೆ ಹೈದರಾಬಾದಿಗೆ ಬಂದೆವು. ಅವರು ಹೋಗಿ ಈಗ ಆರು ವರ್ಷ.

ಮದುವೆಯಾದ ಹೊಸತರಲ್ಲಿ ನಾನು ಕೇಳಿದ್ದೆ, "ಭೂಮಿಯ ಒಳಗೆ ಇಳಿದರೆ ಏನು ಕಾಣುತ್ತದೆ?" ಎಂದು. ಅವರು ಹೆಚ್ಚು ಮಾತಿನವರಲ್ಲ. "ತಲೆ ಎತ್ತಿ ದೀಪ ಹಿಡಿದರೆ ಕೆಲವು ಕಡೆ ಎಲೆಗಳು ಕಾಣುತ್ತವೆ. ಮದುವೆ ಹಂದರದ ಹಾಗೆ" ಎಂದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. ಕೆಲವು ತಿಂಗಳ ಮೇಲೆ, ಹೊರಗೆ ಎಸೆಯಲು ತೆಗೆದಿದ್ದ ಕಲ್ಲಿನ ರಾಶಿಯಿಂದ, ಮೇಲಿನವರನ್ನು ಕೇಳಿ, ಈ ಕಲ್ಲನ್ನು ತಂದುಕೊಟ್ಟರು. ಬೇರೆಯವರ ಗಂಡಂದಿರು ಮಲ್ಲಿಗೆ ಹೂವು ತರುತ್ತಿದ್ದರು!

ಈ ಕಲ್ಲಿನ ಮೇಲೆ ಒಂದು ದೊಡ್ಡ ಎಲೆ, ಅದರ ಪಕ್ಕ ಅರ್ಧ ಮುರಿದ ಇನ್ನೊಂದು ಎಲೆ ಇದೆ. ನೋಡಿದ ಕೂಡಲೇ ಯಾರಾದರೂ ಮಾವಿನ ಎಲೆ ಎನ್ನುತ್ತಾರೆ. ಉದ್ದಕ್ಕೆ, ನಾಲಿಗೆಯ ಆಕಾರದಲ್ಲಿದೆ. ನಡುವೆ ಒಂದು ದಪ್ಪ ನರ. ಭೂತಗನ್ನಡಿ ಹಿಡಿದರೆ ನಡುನರದಿಂದ ಅಂಚಿನವರೆಗೆ ಬಲೆ ಹೆಣೆದ ಹಾಗೆ ಸಣ್ಣ ನರಗಳು. ನಾವು ಚಿಕ್ಕವರಿದ್ದಾಗ ಪುಸ್ತಕದೊಳಗೆ ಅರಳಿ ಎಲೆ ಇಟ್ಟು, ಅದು ಒಣಗಿ ಬಲೆಬಲೆಯಾಗುವುದನ್ನು ಕಾಯುತ್ತಿದ್ದೆವಲ್ಲ, ಹಾಗೇ. ಇಲ್ಲಿ ಭೂಮಿಯೇ ಪುಸ್ತಕ, ಕಲ್ಲಿನ ಪದರಗಳೇ ಹಾಳೆ.

ಈ ಗಿಡದ ಹೆಸರು ಗ್ಲಾಸಾಪ್ಟೆರಿಸ್. 1828ರಲ್ಲಿ ಫ್ರಾನ್ಸಿನ ಅಡಾಲ್ಫ್ ಬ್ರೋನ್ಯಾರ್ ಎಂಬ ವಿಜ್ಞಾನಿ ಈ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಗ್ಲಾಸಾ ಎಂದರೆ ನಾಲಿಗೆ, ಪ್ಟೆರಿಸ್ ಎಂದರೆ ಜರೀಗಿಡ. ನಾಲಿಗೆಯಂಥ ಜರೀಗಿಡ ಎಂದು ಅರ್ಥ. ಹೆಸರಿನ ಮೊದಲರ್ಧ ಸರಿ, ಉಳಿದರ್ಧ ತಪ್ಪು. ಇದು ಜರೀಗಿಡವಲ್ಲ, ಬೀಜ ಬಿಡುತ್ತಿದ್ದ ದೊಡ್ಡ ಮರ. ಅದು ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು, ತಿಳಿಸುವುದರಲ್ಲಿ ಒಬ್ಬ ಹೆಂಗಸಿನ ಪಾಲು ದೊಡ್ಡದು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇದು ಎಷ್ಟು ಹಳೆಯದು? ಸುಮಾರು 27 ಕೋಟಿ ವರ್ಷ ಎಂದು ಹೇಳಿದರೆ ನಮ್ಮ ತಲೆಗೆ ಏನೂ ಹೋಗುವುದಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ನಾನು ಒಂದು ಲೆಕ್ಕ ಹೇಳಿಕೊಡುತ್ತಿದ್ದೆ. ಒಂದು ವರ್ಷಕ್ಕೆ ಒಂದು ಮಿಲಿಮೀಟರ್ ಎಂದು ಇಟ್ಟುಕೊಳ್ಳಿ. ಹೈದರಾಬಾದಿನಿಂದ ಕೊತ್ತಗೂಡೆಂ ಕಡೆಗೆ ಹೊರಡೋಣ, ಹೋದಷ್ಟೂ ಹಿಂದಿನ ಕಾಲ.

ಎಂಬತ್ತು ವರ್ಷದ ತುಂಬು ಬಾಳು ಎಂದರೆ 8 ಸೆಂಟಿಮೀಟರ್, ನಮ್ಮ ಒಂದು ಬೆರಳು. ಹಲ್ಮಿಡಿ ಶಾಸನ ಸುಮಾರು ಒಂದೂವರೆ ಮೀಟರು ದೂರದಲ್ಲಿದೆ. ನಾವು ಉಟ್ಟ ಸೀರೆ ಐದೂವರೆ ಮೀಟರು. ಅದನ್ನು ಬಿಚ್ಚಿ ಉದ್ದಕ್ಕೆ ಹಾಸಿದರೆ, ಮನುಷ್ಯ ಅಕ್ಷರ ಬರೆಯಲು ಕಲಿತಂದಿನಿಂದ ಇಂದಿನವರೆಗಿನ ಚರಿತ್ರೆಯೆಲ್ಲ ಅದರ ಮೇಲೇ ಮುಗಿಯುತ್ತದೆ. ಎಲ್ಲ ರಾಜರು, ಎಲ್ಲ ಯುದ್ಧಗಳು, ಎಲ್ಲ ಪುರಾಣ ಪುಸ್ತಕಗಳು ಒಂದು ಸೀರೆಯೊಳಗೆ. ನಮ್ಮಂಥ ಮನುಷ್ಯರು ಹುಟ್ಟಿ ಸುಮಾರು 3 ಲಕ್ಷ ವರ್ಷ, ಅಂದರೆ 300 ಮೀಟರು. ಈ ಸಭಾಂಗಣದಿಂದ ಬಸ್ ಸ್ಟಾಪಿನವರೆಗೆ.

ಈಗ ಕಾರು ಹತ್ತಿ. ಚಿಟ್ಯಾಲ ಬರುವ ಮೊದಲೇ, 66 ಕಿಲೋಮೀಟರಿನಲ್ಲಿ, ಡೈನೋಸಾರ್‌ಗಳು ಸಾಯುತ್ತಿವೆ. ಸೂರ್ಯಾಪೇಟೆಯ ಹತ್ತಿರ, ಸುಮಾರು 130 ಕಿಲೋಮೀಟರಿನಲ್ಲಿ, ಭೂಮಿಯ ಮೇಲೆ ಹೂಬಿಡುವ ಗಿಡಗಳು ಆಗಷ್ಟೇ ಕಾಣಿಸಿಕೊಳ್ಳುತ್ತಿವೆ. ಅಲ್ಲಿಂದ ಆಚೆಗೆ ಮಲ್ಲಿಗೆ ಇಲ್ಲ, ಮಾವು ಇಲ್ಲ, ಬಾಳೆ ಇಲ್ಲ, ಹುಲ್ಲು ಕೂಡ ಇಲ್ಲ. ಖಮ್ಮಂ ದಾಟಿ ಇನ್ನೂ ಹೋಗಿ. ಸುಮಾರು 270 ಕಿಲೋಮೀಟರಿನಲ್ಲಿ, ಕೊತ್ತಗೂಡೆಂ ಊರ ಬಾಗಿಲಿನಲ್ಲಿ, ಈ ಎಲೆ ಮರದಿಂದ ಉದುರುತ್ತಿದೆ. ಆದ್ದರಿಂದ ಇದು ಮಾವಿನ ಎಲೆಯಲ್ಲ. ಮಾವಿನ ವಂಶದ ಯಾವ ಹಿರಿಯರೂ ಆಗ ಹುಟ್ಟಿರಲಿಲ್ಲ.

ಆಗ ನಮ್ಮ ನೆಲ ಇದ್ದದ್ದಾದರೂ ಎಲ್ಲಿ? ಇಲ್ಲಿರಲಿಲ್ಲ. ಭೂಮಧ್ಯರೇಖೆಯ ಕೆಳಗೆ, ದಕ್ಷಿಣಕ್ಕೆ ಬಹುದೂರ, ಅಂಟಾರ್ಕ್ಟಿಕಾ, ಆಫ್ರಿಕಾ, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕಗಳ ಜೊತೆ ಅಂಟಿಕೊಂಡಿತ್ತು. ಅದು ಒಂದು ಅವಿಭಕ್ತ ಕುಟುಂಬ. ಅದಕ್ಕೂ ಮೊದಲು ಈ ನೆಲದ ಮೇಲೆ ಹಿಮನದಿಗಳು ಹರಿದಿದ್ದವು. ಗೋದಾವರಿ ಕಣಿವೆಯಲ್ಲಿ ಕಲ್ಲಿದ್ದಲಿನ ಪದರಗಳ ಕೆಳಗೆ ಹಿಮನದಿ ಹೊತ್ತು ತಂದು ಬಿಟ್ಟ ಗುಂಡುಕಲ್ಲುಗಳ ಪದರ ಇದೆ. ಮೇ ತಿಂಗಳಿನಲ್ಲಿ ರಾಮಗುಂಡಂ ಬಿಸಿಲು ಕಂಡವರು ಇದನ್ನು ನಂಬುವುದು ಕಷ್ಟ!

ಹಿಮ ಕರಗಿತು. ತಗ್ಗಿನಲ್ಲಿ ನೀರು ನಿಂತು ಜೌಗು ನೆಲವಾಯಿತು. ಆ ಜೌಗಿನಲ್ಲಿ ಗ್ಲಾಸಾಪ್ಟೆರಿಸ್ ಮರಗಳು ದಟ್ಟವಾಗಿ ಬೆಳೆದವು. ಅವುಗಳ ಬೇರನ್ನು ಮೊದಲು ನೋಡಿದವರು ಬೆನ್ನುಮೂಳೆಯ ಹಾಗಿದೆ ಎಂದು ವರ್ಟಿಬ್ರೇರಿಯಾ ಎಂದು ಬೇರೆಯೇ ಹೆಸರಿಟ್ಟಿದ್ದರು. ಆ ಬೇರಿನಲ್ಲಿ ಗಾಳಿ ತುಂಬಿಕೊಳ್ಳುವ ಗೂಡುಗಳಿದ್ದವು. ನೀರು ನಿಂತ ನೆಲದಲ್ಲಿ ಉಸಿರಾಡಲು ಅದೊಂದು ಏರ್ಪಾಡು. ಚಳಿಗಾಲ ಬಂದಾಗ ಮರಗಳು ಎಲೆ ಉದುರಿಸುತ್ತಿದ್ದವು. ಅದಕ್ಕೇ ಕಲ್ಲಿನಲ್ಲಿ ಈ ಎಲೆಗಳು ಒಂದೊಂದಾಗಿ ಸಿಗುವುದಕ್ಕಿಂತ ಚಾಪೆ ಹಾಸಿದ ಹಾಗೆ ರಾಶಿಯಾಗಿ ಸಿಗುವುದು ಹೆಚ್ಚು.

ಬಿದ್ದ ಎಲೆ ಸಾಮಾನ್ಯವಾಗಿ ಕೊಳೆತು ಮಣ್ಣಾಗುತ್ತದೆ. ನಿಂತ ನೀರಿನ ಅಡಿಯಲ್ಲಿ ಗಾಳಿ ಇಲ್ಲದ ಕಾರಣ ಪೂರ್ತಿ ಕೊಳೆಯಲಿಲ್ಲ. ರಾಶಿಯ ಮೇಲೆ ರಾಶಿ ಬಿತ್ತು, ಮೇಲೆ ನದಿ ತಂದ ಮರಳು, ಮಣ್ಣು ಬಿತ್ತು, ನೆಲ ಕುಸಿಯಿತು, ಮತ್ತೆ ಕಾಡು ಬೆಳೆಯಿತು. ಒತ್ತಡ, ಬಿಸಿ, ಕಾಲ ಈ ಮೂರೂ ಸೇರಿ ಆ ರಾಶಿ ಕಲ್ಲಿದ್ದಲಾಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಲ್ಲಿದ್ದಲಿನ ಒಳಗೇ ಎಲೆ ಹುಡುಕಿದರೆ ಬರಿಗಣ್ಣಿಗೆ ಸಿಗುವುದು ಅಪರೂಪ. ಅಲ್ಲಿ ಎಲೆ, ಕೊಂಬೆ, ತೊಗಟೆ ಎಲ್ಲ ಬೆರೆತು ಮುದ್ದೆಯಾಗಿದೆ. ಎಲೆ ಚೆನ್ನಾಗಿ ಉಳಿಯುವುದು ಕಲ್ಲಿದ್ದಲಿನ ಮೇಲೆ, ಕೆಳಗೆ, ನಡುವೆ ಇರುವ ನುಣುಪಾದ ಮಣ್ಣಿನ ಕಲ್ಲಿನಲ್ಲಿ. ಜೇಡಿಕಲ್ಲು ಎನ್ನಿ. ಮಣ್ಣು ಮೆತ್ತಗೆ ಬಂದು ಎಲೆಯ ಮೇಲೆ ಕೂತು, ಅದರ ಅಚ್ಚು ತೆಗೆದುಕೊಂಡಿತು. ಎಲೆ ತೆಳ್ಳಗಿನ ಇಂಗಾಲದ ಪೊರೆಯಾಗಿ ಉಳಿಯಿತು. ಅಂಥ ಕಲ್ಲನ್ನು ಪದರಕ್ಕೆ ಸರಿಯಾಗಿ ಸೀಳಿದರೆ ಎರಡು ಹೋಳು. ಒಂದರಲ್ಲಿ ಎಲೆ, ಇನ್ನೊಂದರಲ್ಲಿ ಅದರ ಎದುರಚ್ಚು. ಗಣಿಯಲ್ಲಿ ಕಲ್ಲಿದ್ದಲು ತೆಗೆದ ಮೇಲೆ ತಲೆಯ ಮೇಲೆ ಉಳಿಯುವ ಸೂರು ಇಂಥ ಕಲ್ಲಿನದಾದರೆ ಎಲೆಗಳು ಕಾಣುತ್ತವೆ. ನಮ್ಮ ಮನೆಯವರು ಹೇಳಿದ ಹಂದರ ಅದು.

ಕಾಲೊನಿಯ ಮನೆಯಲ್ಲಿ ನಾನು ಕಲ್ಲಿದ್ದಲಿನ ಒಲೆಯಲ್ಲಿ ಅಡುಗೆ ಮಾಡಿದವಳು. ಎಷ್ಟು ಉರಿಸಿದರೂ ಒಲೆಯ ತುಂಬ ಬೂದಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಶೇ. 30ಕ್ಕಿಂತ ಹೆಚ್ಚು ಬೂದಿ ಇರುವುದು ಸಾಮಾನ್ಯ. ಕಾರಣ ಇದೇ, ಸೊಪ್ಪುಸದೆಯ ಜೊತೆ ಆ ಕಾಲದ ಹೊಳೆಗಳು ತಂದ ಮಣ್ಣೂ ಬೆರೆತಿದೆ. ಒಲೆಯಿಂದ ದಿನಾ ಬೆಳಗ್ಗೆ ಗೋರಿ ಹೊರಗೆ ಹಾಕುತ್ತಿದ್ದದ್ದು 27 ಕೋಟಿ ವರ್ಷದ ಹಿಂದಿನ ಹೊಳೆಯ ಕೆಸರು.

ಇನ್ನು ಹೆಸರಿನ ವಿಷಯ. ನಾವು ಕನ್ನಡದಲ್ಲಿ ಕಲ್ಲಿದ್ದಲು ಎನ್ನುತ್ತೇವೆ, ಕಲ್ಲಾದ ಇದ್ದಲು. ತೆಲುಗಿನವರು ರಾಕ್ಷಸಿ ಬೊಗ್ಗು ಎನ್ನುತ್ತಾರೆ, ರಾಕ್ಷಸರ ಇದ್ದಲು. ಅವರೇ ಪ್ರೀತಿಯಿಂದ ನಲ್ಲ ಬಂಗಾರಂ, ಕಪ್ಪು ಚಿನ್ನ ಎಂದೂ ಕರೆಯುತ್ತಾರೆ. ಒಂದೇ ವಸ್ತುವಿಗೆ ರಾಕ್ಷಸ ಮತ್ತು ಬಂಗಾರ ಎರಡೂ ಹೆಸರು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ನಮ್ಮ ಕರ್ನಾಟಕದಲ್ಲಿ ಚಿನ್ನ ಇದೆ, ಕಬ್ಬಿಣ ಇದೆ, ಮ್ಯಾಂಗನೀಸ್ ಇದೆ, ಕಲ್ಲಿದ್ದಲು ಏಕಿಲ್ಲ ಎಂದು ಮಕ್ಕಳು ಕೇಳುತ್ತಿದ್ದರು. ನಮ್ಮ ಬಂಡೆಗಳು ತೀರ ಮುದುಕರು ಎನ್ನುತ್ತಿದ್ದೆ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷದ್ದು. ಕಲಬುರಗಿ ಕಡೆಯ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು ಕೂಡ ನೆಲದ ಮೇಲೆ ಗಿಡಮರ ಹುಟ್ಟುವುದಕ್ಕೆ ಮೊದಲಿನದು. ಗಿಡವೇ ಇಲ್ಲದ ಕಾಲದ ಕಲ್ಲಿನಲ್ಲಿ ಎಲೆ ಎಲ್ಲಿಂದ ಬರಬೇಕು? ಉತ್ತರದ ಕಪ್ಪು ಬಸಾಲ್ಟ್ ಬಂಡೆ ಲಾವಾದಿಂದ ಆದದ್ದು, ತೀರ ಈಚಿನದು. ಹೈದರಾಬಾದಿನ ಕಥೆಯೂ ಅಷ್ಟೇ. ಜೂಬಿಲಿ ಹಿಲ್ಸ್‌ನಲ್ಲಿ, ಖಾಜಾಗುಡದಲ್ಲಿ ಒಂದರ ಮೇಲೊಂದು ಕೂತಿರುವ ಗ್ರಾನೈಟ್ ಬಂಡೆಗಳು ಸುಮಾರು 250 ಕೋಟಿ ವರ್ಷದವು. ಅಲ್ಲಿ ಪಳೆಯುಳಿಕೆ ಹುಡುಕಲು ಹೋಗಬೇಡಿ, ಸಂಜೆ ಗಾಳಿಗೆ ಹೋಗಿ.

ಎಲೆ ಬೇಕೆಂದರೆ ಗೋದಾವರಿ ಕಣಿವೆಗೇ ಹೋಗಬೇಕು. ಯೆಲ್ಲಂದು, ಕೊತ್ತಗೂಡೆಂ, ರಾಮಗುಂಡಂ, ಬೆಲ್ಲಂಪಲ್ಲಿ, ಹೀಗೆ ಸುಮಾರು 350 ಕಿಲೋಮೀಟರ್ ಉದ್ದಕ್ಕೆ ಕಲ್ಲಿದ್ದಲಿನ ಪಟ್ಟಿ ಇದೆ. ಅಲ್ಲಿ ಒಂದು ಕಥೆ ಹೇಳುತ್ತಾರೆ. ಭದ್ರಾಚಲಕ್ಕೆ ಹೊರಟ ಯಾತ್ರಿಕರು ದಾರಿಯಲ್ಲಿ ಅಡುಗೆಗೆ ಕಪ್ಪು ಕಲ್ಲುಗಳನ್ನು ಒಲೆಯ ಗುಂಡಾಗಿ ಹೂಡಿದರಂತೆ. ಅನ್ನ ಬೇಯುವುದರೊಳಗೆ ಒಲೆಯ ಕಲ್ಲೇ ಉರಿಯಲು ಶುರುವಾಯಿತಂತೆ. ಅದು ನಿಜವೋ ಕಟ್ಟುಕಥೆಯೋ, ಕಲ್ಲಿದ್ದಲನ್ನು ಮೊದಲು ಕಂಡವಳು ಅಡುಗೆ ಮಾಡುತ್ತಿದ್ದ ಹೆಂಗಸೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ದಾಖಲೆಯಲ್ಲಿರುವ ಹೆಸರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಡಾ. ವಿಲಿಯಂ ಕಿಂಗ್ ಅವರದು, ವರ್ಷ 1871. ಕೊತ್ತಗೂಡೆಂ ಕಡೆ ಒಂದು ಪದರಕ್ಕೆ ಕಿಂಗ್ ಪದರ ಎಂದೇ ಹೆಸರು. ಇನ್ನೊಂದಕ್ಕೆ ಕ್ವೀನ್ ಪದರ ಎಂದು ಹೆಸರಿದೆ, ಸದ್ಯ! 1889ರಿಂದ ಯೆಲ್ಲಂದುವಿನಲ್ಲಿ ಗಣಿಗಾರಿಕೆ ನಡೆಯಿತು. 1920ರಲ್ಲಿ ಸಿಂಗರೇಣಿ ಎಂಬ ಹಳ್ಳಿಯ ಹೆಸರು ಕಂಪನಿಗೆ ಬಂತು. ಇಂದು ಅದರಲ್ಲಿ ತೆಲಂಗಾಣ ಸರ್ಕಾರದ ಪಾಲು ಶೇ. 51, ಕೇಂದ್ರದ್ದು ಶೇ. 49.

ಈ ಕಲ್ಲುಗಳ ಕುಲಕ್ಕೆ ಗೊಂಡ್ವಾನ ಎಂಬ ಹೆಸರು ಬಂದದ್ದು ನಮ್ಮ ನೆರೆಯ ಗೋಂಡರಿಂದ. ಆದಿಲಾಬಾದ್ ಕಡೆ ಅವರನ್ನು ನೀವು ನೋಡಿರುತ್ತೀರಿ. ಅವರ ಗೋಂಡಿ ಭಾಷೆ ಕನ್ನಡ, ತೆಲುಗುಗಳ ಹಾಗೆ ದ್ರಾವಿಡ ಭಾಷೆಯೇ, ನಮ್ಮ ಬಳಗ. 1872ರಲ್ಲಿ ಹೆನ್ರಿ ಮೆಡ್ಲಿಕಾಟ್ ಎಂಬ ಭೂವಿಜ್ಞಾನಿ ಗೋಂಡರ ನಾಡಿನ ಕಲ್ಲುಗಳಿಗೆ ಆ ಹೆಸರು ಬಳಸಿದರು. 1885ರಲ್ಲಿ ಆಸ್ಟ್ರಿಯಾದ ಎಡ್ವರ್ಡ್ ಸೂಯೆಸ್, ದಕ್ಷಿಣದ ಖಂಡಗಳೆಲ್ಲ ಹಿಂದೊಮ್ಮೆ ಒಂದೇ ನೆಲವಾಗಿದ್ದವು ಎಂದು ಹೇಳಿ, ಆ ನೆಲವನ್ನು ಗೊಂಡ್ವಾನ ನಾಡು ಎಂದು ಕರೆದರು. ಅವರಿಗೆ ಸಿಕ್ಕ ಮುಖ್ಯ ಸಾಕ್ಷಿಗಳಲ್ಲಿ ಒಂದು ಈ ಎಲೆ. ಭಾರತದಲ್ಲೂ ಅದೇ, ಆಫ್ರಿಕಾದಲ್ಲೂ ಅದೇ, ಆಸ್ಟ್ರೇಲಿಯಾದಲ್ಲೂ ಅದೇ. ಭಾರವಾದ ಬೀಜ ಸಾವಿರಾರು ಮೈಲಿ ಕಡಲು ದಾಟಿ ಹಾರಿಹೋಗಲಾರದು. ಹಾಗಾದರೆ ನೆಲವೇ ಒಂದಾಗಿತ್ತು.

ಅಂಟಾರ್ಕ್ಟಿಕಾದ ಸಾಕ್ಷಿ ಸಿಕ್ಕ ರೀತಿ ಕೇಳಿದರೆ ಮನಸ್ಸು ಭಾರವಾಗುತ್ತದೆ. ಇಂಗ್ಲೆಂಡಿನ ಕ್ಯಾಪ್ಟನ್ ಸ್ಕಾಟ್ ಮತ್ತು ಸಂಗಡಿಗರು 1912ರ ಜನವರಿ 17ರಂದು ದಕ್ಷಿಣ ಧ್ರುವ ಮುಟ್ಟಿದರು. ನಾರ್ವೆಯವರು ಮೊದಲೇ ಬಂದು ಹೋಗಿದ್ದರು. ಸೋತು ಹಿಂದಿರುಗುವಾಗ, ಹಸಿವು, ಹಿಮಹುಣ್ಣುಗಳ ನಡುವೆ, ಬಿಯರ್ಡ್‌ಮೋರ್ ಹಿಮನದಿಯ ಬಳಿ ನಿಂತು ಕಲ್ಲು ಆಯ್ದರು. ತಂಡದ ಡಾ. ವಿಲ್ಸನ್ ಅವರಿಗೆ ಅಲ್ಲಿ ಎಲೆಯ ಅಚ್ಚುಗಳು ಕಂಡವು. ಆ ನವೆಂಬರಿನಲ್ಲಿ ಹುಡುಕಿಕೊಂಡು ಹೋದವರಿಗೆ ಡೇರೆಯೊಳಗೆ ಮೂರು ಶವ ಸಿಕ್ಕವು, ಜೊತೆಗೆ ಸುಮಾರು 16 ಕಿಲೋ ಕಲ್ಲು. ಒಂದೊಂದು ಹೆಜ್ಜೆಯೂ ಕಷ್ಟವಾಗಿದ್ದಾಗ ಅವರು ಅದನ್ನು ಎಸೆದಿರಲಿಲ್ಲ. 1914ರಲ್ಲಿ ಕೇಂಬ್ರಿಜ್‌ನ ಸೀವಾರ್ಡ್ ಪರೀಕ್ಷಿಸಿ ಅದರಲ್ಲಿದ್ದ ಎಲೆಯ ಹೆಸರು ಪ್ರಕಟಿಸಿದರು: ಗ್ಲಾಸಾಪ್ಟೆರಿಸ್ ಇಂಡಿಕಾ. ಮನುಷ್ಯ ಸುಳಿಯದ ಆ ಹಿಮದಲ್ಲಿ ಸಿಕ್ಕ ಎಲೆಯ ಹೆಸರಿನಲ್ಲಿ ನಮ್ಮ ದೇಶದ ಹೆಸರಿತ್ತು.

ಇದು ಮಹಿಳಾ ವೇದಿಕೆ. ಆದ್ದರಿಂದ ಈ ಎಲೆಯ ಹಿಂದಿನ ನಾಲ್ವರು ಹೆಂಗಸರ ಮಾತು ಹೇಳಲೇಬೇಕು.

ಮೊದಲನೆಯವರು ಮೇರಿ ಸ್ಟೋಪ್ಸ್. 1904ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಕ್ಕೆ ಸೇರಿದ ಮೊದಲ ಅಧ್ಯಾಪಕಿ. ಗಿಡಗಳ ಪಳೆಯುಳಿಕೆ ಅವರ ವಿಷಯ. ಸ್ಕಾಟ್ ಅವರನ್ನು ಭೇಟಿಯಾಗಿ, ನನ್ನನ್ನೂ ಅಂಟಾರ್ಕ್ಟಿಕಾಗೆ ಕರೆದುಕೊಂಡು ಹೋಗಿ ಎಂದು ಕೇಳಿದವರು. ಕರೆದುಕೊಂಡು ಹೋಗಲಿಲ್ಲ. ಅವರು ಕಲ್ಲಿದ್ದಲಿನ ಕಡೆಗೇ ತಿರುಗಿದರು. ಕಲ್ಲಿದ್ದಲಿನ ತುಂಡು ನೋಡಿದರೆ ಪಟ್ಟೆ ಸೀರೆಯ ಹಾಗೆ ಹೊಳಪಿನ ಪಟ್ಟೆ, ಮಬ್ಬಿನ ಪಟ್ಟೆ ಇರುತ್ತವೆ. 1919ರಲ್ಲಿ ಅವರು ಈ ಪಟ್ಟೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿ ವಿಟ್ರೇನ್, ಕ್ಲಾರೇನ್, ಡ್ಯೂರೇನ್, ಫ್ಯೂಸೇನ್ ಎಂದು ಹೆಸರಿಟ್ಟರು. ಇಂದಿಗೂ ಆ ಹೆಸರುಗಳಿವೆ. ಕೈಗೆ ಮಸಿ ಹತ್ತಿಸುವುದು ನಾಲ್ಕನೆಯದು. ಗಾಜಿನಂತೆ ಹೊಳೆಯುವ ಮೊದಲನೆಯದು ಕೈ ಕೊಳೆ ಮಾಡುವುದಿಲ್ಲ. ಇದೇ ಮೇರಿ ಸ್ಟೋಪ್ಸ್ ಮುಂದೆ 1921ರಲ್ಲಿ ಲಂಡನ್ನಿನಲ್ಲಿ ಹೆಂಗಸರಿಗಾಗಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದರು. ಅವರ ಕೆಲವು ವಿಚಾರಗಳನ್ನು, ಯಾರು ಮಕ್ಕಳನ್ನು ಹೆರಬೇಕು ಯಾರು ಹೆರಬಾರದು ಎಂಬಂಥವನ್ನು, ನಾವು ಒಪ್ಪಲು ಆಗುವುದಿಲ್ಲ. ಕಲ್ಲಿದ್ದಲಿನ ಕೆಲಸ ಮಾತ್ರ ಗಟ್ಟಿ.

ಎರಡನೆಯವರು ದಕ್ಷಿಣ ಆಫ್ರಿಕಾದ ಎಡ್ನಾ ಪ್ಲಮ್‌ಸ್ಟೆಡ್. ನೂರಿಪ್ಪತ್ತು ವರ್ಷ ಎಲೆ ಸಿಗುತ್ತಲೇ ಇತ್ತು, ಮರ ಯಾವ ಜಾತಿಯದು ಎಂದು ತೀರ್ಮಾನವಾಗಿರಲಿಲ್ಲ. ವೆರೀನಿಗಿಂಗ್ ಎಂಬ ಕಲ್ಲಿದ್ದಲಿನ ಊರಿನಲ್ಲಿ ಹವ್ಯಾಸಿ ಸಂಗ್ರಾಹಕರೊಬ್ಬರು ಕೂಡಿಟ್ಟಿದ್ದ ಕಲ್ಲುಗಳನ್ನು ಅವರು ಒಂದೊಂದಾಗಿ ನೋಡಿದರು. ಎಲೆಗೇ ಅಂಟಿಕೊಂಡಿದ್ದ, ಬೀಜ ಹೊರುವ ಭಾಗಗಳು ಕಂಡವು. 1952ರಲ್ಲಿ ಅದನ್ನು ಪ್ರಕಟಿಸಿದರು. ಗ್ಲಾಸಾಪ್ಟೆರಿಸ್ ಜರೀಗಿಡ ಎಂಬ ಮಾತು ಅಲ್ಲಿಗೆ ನಿಲ್ಲುತ್ತಾ ಬಂತು. ಖಂಡಗಳು ಸರಿಯುತ್ತವೆ ಎಂದರೆ ದೊಡ್ಡ ದೊಡ್ಡ ವಿದ್ವಾಂಸರು ನಗುತ್ತಿದ್ದ ಕಾಲದಲ್ಲಿ ಈಕೆ ಸರಿಯುತ್ತವೆ ಎಂದೇ ವಾದಿಸಿದರು.

ಮೂರನೆಯವರು ನಮ್ಮವರೇ, ಸಾವಿತ್ರಿ ಸಾಹ್ನಿ. ಅವರ ಪತಿ ಬೀರಬಲ್ ಸಾಹ್ನಿ ನಮ್ಮ ದೇಶದ ದೊಡ್ಡ ಪಳೆಯುಳಿಕೆ ಸಸ್ಯವಿಜ್ಞಾನಿ. ಲಖನೌದಲ್ಲಿ ಅವರು ಕನಸು ಕಂಡ ಸಂಸ್ಥೆಗೆ 1949ರ ಏಪ್ರಿಲ್ 3ರಂದು ಪ್ರಧಾನಿ ನೆಹರೂ ಅಡಿಗಲ್ಲು ಇಟ್ಟರು. ಪಳೆಯುಳಿಕೆಗಳನ್ನೇ ಸೇರಿಸಿ ಮಾಡಿದ ಅಡಿಗಲ್ಲು ಅದು. ಒಂದು ವಾರ ಕಳೆಯಿತು, ಸಾಹ್ನಿ ತೀರಿಕೊಂಡರು. ಕಟ್ಟಡ ಎದ್ದಿರಲಿಲ್ಲ. ಸಾವಿತ್ರಿಯವರು ವಿಜ್ಞಾನಿಯಲ್ಲ, ಆದರೂ ಹೊಣೆ ಹೊತ್ತರು. 1953ರ ಜನವರಿಯಲ್ಲಿ ಅದೇ ನೆಹರೂ ಬಂದು ಕಟ್ಟಡ ಉದ್ಘಾಟಿಸಿದರು. 1969ರಲ್ಲಿ ಸಾವಿತ್ರಿಯವರಿಗೆ ಪದ್ಮಶ್ರೀ ಬಂತು. ಗಂಡ ಬಿಟ್ಟುಹೋದ ಕೆಲಸವನ್ನು ಮುಗಿಸುವುದು ಎಂದರೇನು ಎಂದು ನನ್ನಂಥವರಿಗೆ ಸ್ವಲ್ಪ ಅರ್ಥವಾಗುತ್ತದೆ.

ನಾಲ್ಕನೆಯವರು ಅದೇ ಸಂಸ್ಥೆಯ ಶೈಲಾ ಚಂದ್ರ. 1979ರಲ್ಲಿ ಸುರಂಗೆ ಅವರ ಜೊತೆ ಸೇರಿ, ಭಾರತದ ಗ್ಲಾಸಾಪ್ಟೆರಿಸ್ ಎಲೆಗಳನ್ನೆಲ್ಲ ಮತ್ತೆ ಪರೀಕ್ಷಿಸಿ, ಪ್ರಭೇದಗಳ ಪಟ್ಟಿಯನ್ನು ಸರಿಪಡಿಸಿದರು. ಒಂದೇ ನೋಟಕ್ಕೆ ಮಾವಿನ ಎಲೆ ಎನ್ನುವ ನಮಗೆ, ನರಗಳ ಬಲೆಯ ಕಣ್ಣು ಎಷ್ಟು ಅಗಲ, ಎಷ್ಟು ಉದ್ದ ಎಂದು ಅಳೆದು ಜಾತಿ ಬೇರೆ ಮಾಡುವ ತಾಳ್ಮೆ ಊಹಿಸುವುದೂ ಕಷ್ಟ. ಕಸೂತಿ ಹಾಕುವವರಿಗೆ ಗೊತ್ತಾದೀತು.

ಗಣಿಯ ಒಳಗಿನ ಹೆಂಗಸರ ಕಥೆ ಬೇರೆ. ಹಿಂದೆ ಭಾರತದ ಗಣಿಗಳಲ್ಲಿ ಹೆಂಗಸರು ಕೆಳಗಿಳಿದು ಕಲ್ಲಿದ್ದಲು ಹೊರುತ್ತಿದ್ದರು. 1929ರ ನಿಯಮಗಳಿಂದ ಅದು ಹಂತಹಂತವಾಗಿ ನಿಂತಿತು. ಮಹಾಯುದ್ಧದಲ್ಲಿ ಕೂಲಿಗೆ ಗಂಡಸರು ಸಾಲದಾದಾಗ, 1943ರಲ್ಲಿ, ಮತ್ತೆ ಇಳಿಸಿದರು. ಯುದ್ಧ ಮುಗಿದ ಮೇಲೆ ಮತ್ತೆ ಬೇಡ ಎಂದರು. ಬೇಕಾದಾಗ ಕರೆದು ಬೇಡದಾಗ ಕಳಿಸುವುದು ನಮಗೆ ಹೊಸದಲ್ಲ. ಓದಿದ ಹೆಣ್ಣುಮಕ್ಕಳು ತಾಂತ್ರಿಕ, ಮೇಲ್ವಿಚಾರಣೆಯ ಕೆಲಸಕ್ಕೆ ಕೆಳಗಿಳಿಯಲು ಅವಕಾಶವಾದದ್ದು 2019ರಲ್ಲಿ. ನಾನು ಇಪ್ಪತ್ತೆಂಟು ವರ್ಷ ಗಣಿಯ ಊರಿನಲ್ಲಿದ್ದೂ ಆ ಹಂದರವನ್ನು ಕಣ್ಣಾರೆ ಕಂಡಿಲ್ಲ. ಇನ್ನು ಮುಂದಿನ ಹುಡುಗಿಯರು ಕಾಣುತ್ತಾರೆ.

ಈಗ ಕಷ್ಟದ ಮಾತಿಗೆ ಬರುತ್ತೇನೆ.

ನನ್ನ ಮೊಮ್ಮಗ ಏಳನೆಯ ತರಗತಿ. ಶಾಲೆಯಲ್ಲಿ ಪರಿಸರದ ಪಾಠ ಆಯಿತು. ಮನೆಗೆ ಬಂದು ಈ ಕಲ್ಲನ್ನು ನೋಡುತ್ತಾ ಕೂತ. ಆಮೇಲೆ ಕೇಳಿದ, "ಅಜ್ಜಿ, ಕಲ್ಲಿದ್ದಲು ಸುಟ್ಟೇ ಭೂಮಿ ಬಿಸಿಯಾಗುತ್ತಿದೆಯಂತೆ. ಹಾಗಾದರೆ ತಾತ ಮಾಡಿದ್ದು ಕೆಟ್ಟ ಕೆಲಸವಾ?"

ಮಕ್ಕಳ ಪ್ರಶ್ನೆಯನ್ನು ಬೆಲ್ಲ ಕೊಟ್ಟು ಸುಮ್ಮನಾಗಿಸಬಾರದು ಎಂಬುದು ನನ್ನ ಮೇಷ್ಟ್ರಗಿರಿಯ ನಿಯಮ. ಎರಡು ದಿನ ಯೋಚಿಸಿ ಉತ್ತರ ಹೇಳಿದೆ. ಅದನ್ನೇ ಇಲ್ಲಿ ಹೇಳುತ್ತೇನೆ.

ನಾನು ಹುಟ್ಟಿದ ರಾಯಚೂರಿನ ಕಡೆ, ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ ಉಷ್ಣ ವಿದ್ಯುತ್ ಸ್ಥಾವರ ಇದೆ. 1985ರಲ್ಲಿ ಅದರ ಮೊದಲ ಘಟಕ ಶುರುವಾಯಿತು. ಅಲ್ಲಿ ಉರಿಯುವ ಕಲ್ಲಿದ್ದಲಿನಲ್ಲಿ ಸಿಂಗರೇಣಿಯದೂ ಇದೆ. ಅಂದರೆ ನಮ್ಮ ಮನೆಯವರು ಇಲ್ಲಿ ಅಗೆಸಿದ ಎಲೆ ಅಲ್ಲಿ ನನ್ನ ತವರಿನಲ್ಲಿ ದೀಪವಾಯಿತು. ಆ ದೀಪದಲ್ಲಿ ನನ್ನ ತಂಗಿಯ ಮಕ್ಕಳು ಓದಿದರು. ಆಸ್ಪತ್ರೆ ನಡೆಯಿತು, ಪಂಪ್‌ಸೆಟ್ ನಡೆಯಿತು. ತಾತ ಮಾಡಿದ್ದು ಅನ್ನದ ಕೆಲಸ, ಮಗೂ. ಗಣಿಯಲ್ಲಿ ದುಡಿದ ಸಾವಿರಾರು ಜನ ತಮ್ಮ ಎದೆಯೊಳಗೆ ಧೂಳು ತುಂಬಿಕೊಂಡು ಬೇರೆಯವರ ಮನೆಗೆ ಬೆಳಕು ಕಳಿಸಿದರು. ಅವರನ್ನು ಕೆಟ್ಟವರು ಎಂದರೆ ನಾಲಿಗೆ ಬಿದ್ದುಹೋಗುತ್ತದೆ.

ಎರಡನೆಯ ಮಾತೂ ಅಷ್ಟೇ ನಿಜ. ಆಗ ಹೇಳಿದ ಮಿಲಿಮೀಟರಿನ ಲೆಕ್ಕ ನೆನಪಿಸಿಕೊಳ್ಳಿ. 270 ಕಿಲೋಮೀಟರು ಹಿಂದೆ ಗಾಳಿಯಿಂದ ಎಲೆಗಳು ಹೀರಿ ಹೂತಿಟ್ಟ ಇಂಗಾಲವನ್ನು, 1889ರಿಂದ ಇಂದಿನವರೆಗೆ, ಅಂದರೆ ಒಂದು ಗೇಣಿಗಿಂತ ಕಡಿಮೆ ಜಾಗದಲ್ಲಿ, ಗಾಳಿಗೆ ವಾಪಸು ಬಿಡುತ್ತಿದ್ದೇವೆ.

ಗ್ಲಾಸಾಪ್ಟೆರಿಸ್ ಮರಗಳ ಕೊನೆ ಹೇಗಾಯಿತು ಎನ್ನುವುದನ್ನೂ ಅವನಿಗೆ ಹೇಳಿದೆ. 25 ಕೋಟಿ 20 ಲಕ್ಷ ವರ್ಷಗಳ ಹಿಂದೆ ಸೈಬೀರಿಯಾದಲ್ಲಿ ಭೂಮಿ ಬಿರಿದು ಲಾವಾ ಹರಿಯಿತು. ದಾರಿಯಲ್ಲಿದ್ದ ಕಲ್ಲಿದ್ದಲಿನ ಪದರಗಳನ್ನೂ ಅದು ಸುಟ್ಟಿತು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಭೂಮಿ ಕಾದಿತು. ಕಡಲಿನ ಪ್ರಭೇದಗಳಲ್ಲಿ ಹತ್ತಕ್ಕೆ ಎಂಟಕ್ಕಿಂತ ಹೆಚ್ಚು ಅಳಿದವು. ನೆಲದ ಮೇಲೆ ಗ್ಲಾಸಾಪ್ಟೆರಿಸ್ ಕಾಡು ಇಲ್ಲವಾಯಿತು. ಆಮೇಲೆ ಸುಮಾರು ಒಂದು ಕೋಟಿ ವರ್ಷ ಭೂಮಿಯ ಮೇಲೆ ಎಲ್ಲೂ ಹೊಸ ಕಲ್ಲಿದ್ದಲು ಆಗಲಿಲ್ಲ, ಆಗಲು ಬೇಕಾದಷ್ಟು ಕಾಡೇ ಇರಲಿಲ್ಲ. ಆಗ ಕಿಚ್ಚು ಹಚ್ಚಿದವರು ಯಾರೂ ಇರಲಿಲ್ಲ. ಈಗ ಇದ್ದೇವೆ. ಲಾವಾಕ್ಕೆ ತನ್ನನ್ನು ತಾನು ನಿಲ್ಲಿಸಿಕೊಳ್ಳಲು ಬರುವುದಿಲ್ಲ, ನಮಗೆ ಬರುತ್ತದೆ.

"ಹಾಗಾದರೆ ತಾತ?" ಎಂದ. "ತಾತ ತನ್ನ ಕಾಲದ ಕೆಲಸ ಮಾಡಿದರು. ನೀನು ನಿನ್ನ ಕಾಲದ ಕೆಲಸ ಹುಡುಕಿಕೋ" ಎಂದೆ. ಒಪ್ಪಿದನೋ ಇಲ್ಲವೋ, ಫ್ಯಾನ್ ಆಫ್ ಮಾಡದೆ ಆಡಲು ಹೋದ. ನಾನೇ ಎದ್ದು ಆಫ್ ಮಾಡಿದೆ.

ಕೊನೆಯದಾಗಿ ಮೂರು ಕೋರಿಕೆ.

ಒಂದು. ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳನ್ನು ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯಿರಿ. ಅಲ್ಲಿ ಸುಮಾರು 14 ಮೀಟರು ಉದ್ದದ ಕೋಟಸಾರಸ್ ಎಂಬ ಡೈನೋಸಾರ್‌ನ ಅಸ್ಥಿಪಂಜರ ನಿಂತಿದೆ. ಹಿಂದಿನ ಆದಿಲಾಬಾದ್ ಜಿಲ್ಲೆಯ ಯಾಮನಪಲ್ಲಿಯಲ್ಲಿ ಸಿಕ್ಕಿದ್ದು, ಇದೇ ಗೋದಾವರಿ ಕಣಿವೆಯದು. ಮಕ್ಕಳಿಗೆ ಅದನ್ನು ತೋರಿಸಿ, ಈ ಪ್ರಾಣಿ ಹುಟ್ಟುವಾಗಲೇ ಕಲ್ಲಿದ್ದಲಿನ ಎಲೆಗಳು ಅದರ ಕಾಲ ಕೆಳಗೆ ಕೋಟಿಗಟ್ಟಲೆ ವರ್ಷದಿಂದ ಹೂತಿದ್ದವು ಎಂದು ಹೇಳಿ. ಆಗ ಅವರ ಮುಖ ನೋಡಬೇಕು.

ಎರಡು. ಗಣಿ ಊರುಗಳಲ್ಲಿ ಇದ್ದು ಬಂದ ಕುಟುಂಬಗಳು ನಮ್ಮ ಸಂಘದಲ್ಲಿ ಇನ್ನೂ ಇವೆ. ಅಟ್ಟದ ಮೇಲೆ, ಷೋಕೇಸಿನಲ್ಲಿ ಇಂಥ ಕಲ್ಲು ಇದ್ದರೆ ಎಸೆಯಬೇಡಿ. ಒಂದು ಚೀಟಿಯಲ್ಲಿ ಯಾವ ಊರು, ಯಾವ ಗಣಿ, ಯಾವ ವರ್ಷ, ಯಾರು ತಂದದ್ದು ಎಂದು ಬರೆದು ಅಂಟಿಸಿ. ಊರಿನ ಹೆಸರಿಲ್ಲದ ಪಳೆಯುಳಿಕೆ ವಿಳಾಸವಿಲ್ಲದ ಕಾಗದದ ಹಾಗೆ, ಓದುವವರಿಗೆ ತಲುಪುವುದಿಲ್ಲ. ತೆರೆದ ಗಣಿಗಳಲ್ಲಿ ಈಗ ದೊಡ್ಡ ಯಂತ್ರಗಳು ಮೇಲಿನ ಕಲ್ಲನ್ನು ಲಾರಿಗಟ್ಟಲೆ ಎತ್ತಿ ಗುಡ್ಡ ಹಾಕುತ್ತವೆ. ಬಾಗಿ ನೋಡುವ ಕಣ್ಣು ಕಡಿಮೆ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗಣಿ ಸಚಿವಾಲಯ ಇಂಥ ಭೂಪರಂಪರೆಯನ್ನು ಕಾಪಾಡಲು ಒಂದು ಕರಡು ಮಸೂದೆ ಪ್ರಕಟಿಸಿತು. ಕಾನೂನು ತನ್ನ ವೇಗದಲ್ಲಿ ಬರಲಿ. ಚೀಟಿ ಬರೆಯಲು ಕಾನೂನು ಬೇಕಿಲ್ಲ.

ಮೂರು. ಈ ಕಲ್ಲನ್ನು ನಾನು ಇನ್ನು ಮನೆಗೆ ವಾಪಸು ಒಯ್ಯುವುದಿಲ್ಲ. ನಮ್ಮ ಸಂಘದ ಮಕ್ಕಳ ಭಾನುವಾರದ ಕನ್ನಡ ತರಗತಿಗೆ ಕೊಡುತ್ತಿದ್ದೇನೆ. ಕೊಡಲು ಸುಲಭವಾಗಲಿಲ್ಲ, ಆದರೆ ನನ್ನ ಷೋಕೇಸಿನಲ್ಲಿ ಅದನ್ನು ನೋಡುವವಳು ನಾನೊಬ್ಬಳೇ. ಜೊತೆಗೆ ಭೂತಗನ್ನಡಿಯೊಂದನ್ನು ಇಟ್ಟಿದ್ದೇನೆ. ಕೆಳಗೆ ಚೀಟಿ ಅಂಟಿಸಿದೆ, ಕೊತ್ತಗೂಡೆಂ ಎಂದೂ, ವರ್ಷವನ್ನೂ, ತಂದವರ ಹೆಸರನ್ನೂ ಬರೆದಿದ್ದೇನೆ. ಮಕ್ಕಳು ಕೈಯಲ್ಲಿ ಹಿಡಿದು ನೋಡಲಿ. ಬಿದ್ದರೂ ಚಿಂತೆಯಿಲ್ಲ. ಅದರೊಳಗೆ ಇನ್ನೂ ಎಷ್ಟು ಎಲೆಗಳಿವೆಯೋ!

ಅಡುಗೆಮನೆಯಿಂದ ಒಗ್ಗರಣೆ ಘಮ ಬರುತ್ತಿದೆ, ನಿಮ್ಮ ಗಮನ ಆ ಕಡೆ ಹೋಗುವ ಮೊದಲೇ ಮುಗಿಸುತ್ತೇನೆ. ಬನ್ನಿ, ಒಬ್ಬೊಬ್ಬರಾಗಿ ಮೇಜಿನ ಹತ್ತಿರ ಬನ್ನಿ. ಕನ್ನಡಕ ಮರೆಯಬೇಡಿ.